ಕಾಕಾ ಆರಿಸಿದ ಗಾಳಿ ಟಾಕಿ

ಒಂಬತ್ತು ಸಾವಿರದ ನಾಲ್ಕುನೂರು ರೂಪಾಯಿ ಕೊಟ್ಟು ನನ್ನ ಜೀಪಿಗೆ ಗಾಳಿ ತುಂಬಿಡುವ ಒಂದು ಹೊಸ ಟಾಕಿ ತಂದೆ. ಅದೇ ಅಂಗಡಿಯಲ್ಲಿ, ಹೆಚ್ಚುಕಡಿಮೆ ಅದೇ ಅಳತೆಯ ಹಳೆಯ ಲಾರಿ ಟಾಕಿ ಹದಿನೈದು ನೂರಕ್ಕೆ ಬಿದ್ದಿತ್ತು. ನಾನು ಬಾಯಿ ಬಿಟ್ಟಿದ್ದರೆ ಸಾವಿರಕ್ಕೆ ಇಳಿಯುತ್ತಿತ್ತು. ಸಂತೆಯಲ್ಲಿ ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವ ಮನುಷ್ಯ ನಾನು. ಹಳೆ ಟೈರಿನ ವ್ಯಾಪಾರದಲ್ಲಿ, ಕೊಳ್ಳುವಾಗ ಅದರ ಐಬು ಹೇಳಿ, ಮಾರುವಾಗ ಅದರ ಗುಣ ಹೇಳಿ, ಅಂಗಡಿ ಹೊಲ ಎರಡೂ ಮಾಡಿಕೊಂಡವನು. ಅಂಥವನು ಕೇಳಿದಷ್ಟು ಕೊಟ್ಟು ಬಂದನೆಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. "ಜ್ವರಾ ಬಂದಾವೇನ್ರಿ?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು.

ಜ್ವರವಲ್ಲ, ಒಂದು ವಾಸನೆ.

ನಿಪ್ಪಾಣಿಯ ಹೆದ್ದಾರಿ ಬದಿಯ ಗುಜರಿ ಅಂಗಡಿ ಅದು. ಹೊಸದನ್ನೂ ಇಟ್ಟಿದ್ದ, ಹಳೆಯದನ್ನೂ ಇಟ್ಟಿದ್ದ. ಹಳೆಯದನ್ನೇ ಕೊಳ್ಳಬೇಕೆಂದು ಹೋದದ್ದು ನಿಜ. ಅಂಗಡಿಯವನು ಕೆಂಪು ಬಣ್ಣ ಬಳಿದ ಟಾಕಿಯೊಂದನ್ನು ಕಾಲಿನಿಂದ ಉರುಳಿಸಿ ಮುಂದೆ ತಂದ.

"ಪೇಂಟ್ ನೋಡ್ರಿ ಸಾವಕಾರ್ರ, ಹೊಸಾದು ಇದ್ದಂಗ ಐತಿ."

"ಪೇಂಟ್ ನೋಡಾಕ ನಾ ಏನ್ ಮನಿ ಬಾಡಿಗಿ ಹಿಡ್ಯಾಕ ಬಂದೀನೇನು?" ಎಂದು ಹೇಳಿ, ಟಾಕಿಯ ಹೊಟ್ಟೆಯ ಕೆಳಗಿದ್ದ ನೀರು ಬಿಡುವ ತಿರುಪನ್ನು ಪಾನಾ ಹಾಕಿ ಸಡಿಲಿಸಿದೆ. ಬೊಗಸೆಯಷ್ಟು ಕಂದು ನೀರು ಸುರಿಯಿತು. ಸುಟ್ಟ ಎಣ್ಣೆ, ತುಕ್ಕು, ಎಷ್ಟೋ ಮಳೆಗಾಲದ ಮುಗ್ಗು, ಎಲ್ಲ ಕೂಡಿದ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ನನಗೆ ಗೊತ್ತಿತ್ತು. ಹದಿನೈದು ವರ್ಷದ ಮೇಲಾಗಿರಬೇಕು, ಅಥಣಿಗೆ ಹೋಗುವ ರಸ್ತೆಯ ಬದಿಯಲ್ಲಿ, ಒಂದು ಪಂಚಮಿಯ ಮುಂಜಾನೆ... ಕೂಡಲೇ ಬಾಜೂ ಮನೆಯ ಕಾಕಾ ಕಣ್ಣ ಮುಂದೆ ಬಂದು ನಿಂತ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಸಿಕ್ಕರೆ ಆಡೋಣ. ಎದುರಿಗೆ ಇದ್ದಷ್ಟು ದಿನ ಹಿರಿಯನೆಂದು 'ರಿ' ಹಚ್ಚಿಯೇ ಮಾತಾಡಿಸಿದ್ದೇನೆ. ಬರೆಯುವಾಗ ಆ ಹಂಗು ನನಗಿಲ್ಲ.

ಕಾಕಾ ಎಂದರೆ ರಕ್ತಸಂಬಂಧವಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಬದುವಿಗೆ ಬದು ಹತ್ತಿದ ಹೊಲ. ಉಗಾರ ಖುರ್ದದ ಕಾರ್ಖಾನೆಯ ಭೋಂಗಾ ಕೇಳುವಷ್ಟು ದೂರದಲ್ಲಿ, ಹೊಳೆಸಾಲಿನ ಕಬ್ಬಿನ ನೆಲ. ಅವನ ಅಪ್ಪ ಹಚ್ಚಿಹೋದ ಕಬ್ಬು ತನ್ನಷ್ಟಕ್ಕೆ ತಾನು ಬೆಳೆಯುತ್ತಿತ್ತು. ಅದು ಬೆಳೆಯುವುದನ್ನು ನೋಡಿಕೊಂಡು ಬರುವುದು ಅವನ ಒಕ್ಕಲುತನ. ಉಳಿದ ಹೊತ್ತೆಲ್ಲ ಮಾರುತಿ ಗುಡಿಯ ಕಟ್ಟೆಯ ಮೇಲೆ ಕುಳಿತು, ಯಾರ ಎತ್ತಿಗೆ ಏನು ರೋಗ, ಯಾರ ಬೋರಿಗೆ ಎಷ್ಟು ನೀರು, ಯಾರ ಹುಡುಗಿಗೆ ಯಾವ ಊರಿನ ವರ ಎಂದು ತೀರ್ಪು ಕೊಡುತ್ತಿದ್ದ. ಒಂದೂ ನಿಜವಾದದ್ದನ್ನು ನಾನು ಕಾಣೆ. ಆದರೆ ದನಿ ದೊಡ್ಡದು, ಟೊಪ್ಪಿಗೆ ಬೆಳ್ಳಗೆ. ನಮ್ಮ ಕಡೆ ಅಷ್ಟಿದ್ದರೆ ಸಾಕು, ಜನ ಜಾಗ ಬಿಟ್ಟು ಕೂಡುತ್ತಾರೆ.

ಅವನಿಗೆ ಒಂದು ಜೀಪ್ ಇತ್ತು. ನಾಲ್ಕೂ ಗಾಲಿ ಎಳೆಯುವಂಥದ್ದು, ಅಗಲ ಟೈರಿನದು. ಟೈರು ನಾನೇ ಕೊಟ್ಟದ್ದು, ಒಳ್ಳೆಯ ಮಾಲು, ಅದರಲ್ಲಿ ಮಾತಿಲ್ಲ. ಹೊಳೆಸಾಲಿನ ಎರೆಮಣ್ಣು ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ಅದರಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಗೊತ್ತು. ಅಂಥ ಕೆಸರಿನಲ್ಲಿ ಗಾಡಿ ಹಾಯಬೇಕಾದರೆ ಟೈರಿನ ಗಾಳಿ ಅರ್ಧಕ್ಕೆ ಇಳಿಸಬೇಕು. ಟೈರು ಅಗಲವಾಗಿ ಕೂತು ಮಣ್ಣಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಡಾಂಬರು ಹತ್ತಿದ ಮೇಲೆ ಮತ್ತೆ ಗಾಳಿ ತುಂಬಬೇಕು, ಇಲ್ಲದಿದ್ದರೆ ಟೈರಿನ ಬದಿ ಸುಟ್ಟು ಹೋಗುತ್ತದೆ. ಅದಕ್ಕೆ ಗಾಡಿಯಲ್ಲೇ ಒಂದು ಕಂಪ್ರೆಸರು, ಗಾಳಿ ಹಿಡಿದಿಡಲು ಒಂದು ಟಾಕಿ. ಇಷ್ಟೇ ವಿದ್ಯೆ. ಇದನ್ನು ಅವನಿಗೆ ಹೇಳಿಕೊಟ್ಟವನೂ ನಾನೇ. ಒಂದು ವಾರದಲ್ಲಿ ಕಟ್ಟೆಯ ಮೇಲೆ ಕುಳಿತು ಅವನು ಅದನ್ನು ನನಗೇ ಹೇಳಿಕೊಡತೊಡಗಿದ.

ಟಾಕಿ ಆರಿಸಲು ಹೋಗುವಾಗ ನನ್ನನ್ನು ಕರೆದುಕೊಂಡು ಹೋಗಿದ್ದ, ಸಲಹೆಗಲ್ಲ, ಚೌಕಾಸಿಗೆ. ಗುಜರಿಯಲ್ಲಿ ಮೂರು ಟಾಕಿಗಳಿದ್ದವು. ಕಾಕಾ ಮೂರನ್ನೂ ಬಿಸಿಲಿಗೆ ತರಿಸಿ, ಕುಂಬಾರನ ಅಂಗಳದಲ್ಲಿ ಗಡಿಗೆ ಆರಿಸುವ ಹಾಗೆ, ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಚ್ಚಿದ. ನಮ್ಮವರಿಗೆ ಇದೊಂದು ಚಾಳಿ. ಗಡಿಗೆ, ಕಲ್ಲಂಗಡಿ, ತೆಂಗಿನಕಾಯಿ, ಎಲ್ಲವನ್ನೂ ಬಡಿದೇ ಕೊಳ್ಳುವುದು. ಸೀಳಿದ ಗಡಿಗೆ ದನಿಯಲ್ಲಿ ಸಿಗುತ್ತದೆ, ಸರಿ. ಒಳಗೆ ತಿಂದುಹೋದ ಕಬ್ಬಿಣ ದನಿಯಲ್ಲಿ ಸಿಗುತ್ತದೆಯೇ?

"ಕೇಳ್ಲೇ ಟಾಯರ್ಯಾ," ಎಂದ, ನನ್ನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. "ಗುಡಿ ಗಂಟಿ ಹೊಡದಂಗ ಖಣ್ ಅಂತೈತಿ."

"ಕಾಕಾ, ತೆಳ್ಳಗಿದ್ದದ್ದ ಹಂಗ ಅಂತೈತ್ರಿ. ಆ ಸಣ್ಣದು ತಗೋರಿ. ಗಾಡಿ ಕೆಳಗ ಕುಂಡರ್ತೈತಿ, ನೀರು ಬಿಡೂ ತಿರುಪೂ ಚಲೋ ಐತಿ."

"ಗಾಳಿಗೇನ್ ರೊಕ್ಕಾ ಕೊಡಬೇಕಾಗೈತೇನ? ಟಾಯರ್ ಮಾರಿ ಮಾರಿ ನಿನ್ನ ಮನಸ್ಸೂ ಸವದೈತಿ ನೋಡು."

ಗುಜರಿಯವನು ನಕ್ಕ, ಅವನೂ ನಕ್ಕ. ಎಲ್ಲಕ್ಕಿಂತ ದೊಡ್ಡದನ್ನು, ಎಲ್ಲಕ್ಕಿಂತ ಹಳೆಯದನ್ನು ಜೀಪಿನಲ್ಲಿ ಹೇರಿಕೊಂಡು ಬಂದೆವು. ಅದರ ಮೇಲೆ ತಡೆಯುವ ಒತ್ತಡ ಬರೆದ ತಗಡು ಇರಲಿಲ್ಲ. ಯಾರೋ ಎಂದೋ ಕಿತ್ತು ಹಾಕಿದ್ದರು. ಕಿತ್ತವನಿಗೆ ಕಾರಣ ಇದ್ದೇ ಇರುತ್ತದೆ ಎಂಬಷ್ಟು ಬುದ್ಧಿ ಬೇಕಲ್ಲ.

ಆ ಗಾತ್ರದ್ದು ಗಾಡಿಯ ಕೆಳಗೆ ಹೇಗೆ ಕೂಡಬೇಕು? ಕೂಡಲಿಲ್ಲ. ಜೀಪಿನ ಹಿಂದೆ ಬದಿಗೆ ಉದ್ದ ಸೀಟು ಇರುತ್ತದಲ್ಲ, ಅದರ ಅಡಿಗೆ ತುರುಕಿದ. ಆ ಸೀಟಿನ ಮೇಲೆ ಕೂಡುತ್ತಿದ್ದವಳು ಕಾಕು, ಅವನ ಹೆಂಡತಿ.

ಕಾಕೂನ ಬಗ್ಗೆ ಎರಡು ಮಾತು. ತೆಲಸಂಗದ ಕಡೆಯ ಹೆಣ್ಣುಮಗಳು. ಕುರಿ ಕಾಯ್ದು ಬೆಳೆದವಳಾದ್ದರಿಂದ ನಡೆದರೆ ನಾವು ಓಡಬೇಕು. ತಲೆಯ ಮೇಲೆ ಬುತ್ತಿಯ ಬುಟ್ಟಿ ಇಟ್ಟು, ಕೈ ಬಿಟ್ಟು, ಹಸಿ ಬದುವಿನ ಮೇಲೆ ಆಕೆ ಹೊಲಕ್ಕೆ ಬರುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಕಷ್ಟದ ದಿನಗಳಲ್ಲಿ ಆ ಬುಟ್ಟಿಯಲ್ಲಿ ನನಗೂ ಎರಡು ರೊಟ್ಟಿ ಇರುತ್ತಿದ್ದವು. ಹಾಗೆಂದು ಯಾರಿಗೂ ಹೇಳುತ್ತಿರಲಿಲ್ಲ.

ಕಾಕಾ ಆ ಟಾಕಿಯ ಮೇಲೆ ನಂಬರ್ ಪ್ಲೇಟ್ ಬರೆಯುವ ಪೇಂಟರನಿಂದ ಹಾರುವ ಮಾರುತಿಯನ್ನು ಬರೆಸಿದ. ಗಾಳಿಯ ಮಗ ಅಲ್ಲವೇ, ಅದಕ್ಕೆ. ಕಾಕು ನೋಡಿದವಳೇ ಸೆರಗು ಸರಿಮಾಡಿಕೊಂಡು ಕೆಳಗೆ ನಿಂತಳು.

"ದೇವರ ಮ್ಯಾಲ ಕುಂಡ್ರಾಂಗಿಲ್ರಿ ನಾ. ಬೇಕಾದ್ರ ನಡಕೋತ ಬರ್ತೇನಿ."

ಗೊಣಗಿಕೊಂಡು ಮಾರುತಿಯನ್ನು ಅಳಿಸಿ ನವಿಲು ಬರೆಸಿದ. ಕಾಕು ಹತ್ತಿ ಕೂತಳು. ಅಡಿಗೆ ಏನು ತುಂಬಿದೆ ಎಂದು ಆಕೆಗೆ ಯಾರು ಹೇಳಬೇಕು? ನಾನು ಹೇಳಿದೆ, ಆಕೆಗಲ್ಲ, ಅವನಿಗೆ. "ಕಾಕೂನ ಮುಂದ ಕುಂಡ್ರಸ್ರಿ ಕಾಕಾ, ಹಿಂದ ಬ್ಯಾಡ್ರಿ." ಅವನೆಂದ: "ಮುಂದಿಂದು ಗಂಡಸರ ಜಾಗಾಲೇ."

ಇನ್ನು ಖಂಡೇನವಮಿ. ನಮ್ಮಲ್ಲಿ ಅಂದು ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಸ್ನಾನ, ಬಣ್ಣ, ಕುಂಕುಮ. ತಪ್ಪಲ್ಲ. ಆದರೆ ಬಣ್ಣ ಬಳಿಯುವ ಮೊದಲು ತುಕ್ಕು ಕೆರೆಯಬೇಕು ಎಂಬುದನ್ನು ನಮ್ಮ ಪೂಜೆಯಲ್ಲಿ ಯಾರೂ ಸೇರಿಸಿಲ್ಲ. ಕಾಕಾ ವರ್ಷ ವರ್ಷ ಆ ಟಾಕಿಗೆ ತುಕ್ಕಿನ ಮೇಲೆಯೇ ಬಣ್ಣ ಹೊಡೆಸಿದ. ಒಂದು ವರ್ಷ ಹಸಿರು, ಒಂದು ವರ್ಷ ನೀಲಿ, ಅದರ ಮೇಲೆ ಮತ್ತೆ ಕೆಂಪು. ನವಿಲು ಮಾತ್ರ ತಪ್ಪದೆ. ಬಣ್ಣದ ಕೆಳಗೆ ಬಣ್ಣ ಕೂತು ನೀರು ಬಿಡುವ ತಿರುಪು ಮುಚ್ಚಿಯೇ ಹೋಯಿತು. ಅಲ್ಲೊಂದು ತಿರುಪು ಇತ್ತು ಎಂದು ಹುಡುಕಿ ತೋರಿಸಬೇಕಾಗಿತ್ತು.

ತೋರಿಸಿದೆ. ಗಾಳಿ ಒತ್ತಿ ತುಂಬಿದಾಗ ಅದರಲ್ಲಿನ ತೇವ ನೀರಾಗಿ ತಳಕ್ಕೆ ನಿಲ್ಲುತ್ತದೆ, ವಾರಕ್ಕೊಮ್ಮೆ ಬಿಡದಿದ್ದರೆ ಒಳಗಿನಿಂದ ಕಬ್ಬಿಣ ತಿನ್ನುತ್ತದೆ ಎಂದು ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳಿದೆ.

"ಹಿಡದ ಗಾಳಿ ಬಿಡು ಅಂತಾನ," ಎಂದು ಅವನು ನಾಲ್ವರ ಕಡೆ ತಿರುಗಿದ. "ನಾಳೆ ಕಾಳು ತುಂಬಿದ ಹಗೇವ ಸುರುವು ಅಂತಾನ. ಇವನ ಮಾತ ಕೇಳಿದ್ರ ಮುಗೀತು ನಮ್ಮ ಬಾಳೇವು."

ನಾಲ್ವರೂ ನಕ್ಕರು. ನಗಲಿ, ನನ್ನ ಗಂಟೇನು ಹೋಯಿತು. ಮರುವಾರ ಇನ್ನೊಂದು ಕೆಲಸ ಮಾಡಿಕೊಂಡು ಬಂದ. ಟಾಕಿಯ ಮೇಲೆ, ಗಾಳಿ ಹೆಚ್ಚಾದರೆ ತಾನಾಗಿ ಬಿಡುವ ಒಂದು ವಾಲ್ವ್ ಇತ್ತು. ಅದು ಆಗಾಗ 'ಸುಸ್' ಎನ್ನುತ್ತಿತ್ತು. ಎನ್ನಲೇಬೇಕು, ಅದರ ಕೆಲಸವೇ ಅದು. ಸೋರುತ್ತಿದೆ ಎಂದು ಬಗೆದು ಅದನ್ನು ಕಿತ್ತು ಅಲ್ಲಿ ಬೋಲ್ಟು ಜಡಿದ. ತನ್ನ ಜಾಣತನವನ್ನು ಊರಿಗೆಲ್ಲ ತೋರಿಸಿದ. ಇಂಥವರ ಬಗ್ಗೆ ಇಷ್ಟು ಹೇಳಬಹುದು: ಗೊತ್ತಿಲ್ಲದ್ದನ್ನು ಮುಟ್ಟದೆ ಬಿಟ್ಟರೆ ಹಾನಿಯಿಲ್ಲ, ಆದರೆ ಇವರು ಅದನ್ನೇ ರಿಪೇರಿ ಮಾಡುತ್ತಾರೆ.

ಆ ವರ್ಷದ ಪಂಚಮಿಗೆ ಕಾಕೂನನ್ನು ತವರಿಗೆ ಕಳಿಸುವುದಿತ್ತು. ಮಳೆ ಹಿಡಿದು ವಾರವಾಗಿತ್ತು. ನನಗೆ ಅಥಣಿಯಲ್ಲಿ ಟೈರಿನ ಕೆಲಸವಿತ್ತು, ಅವನ ಜೀಪಿನಲ್ಲೇ ಮುಂದೆ ಕೂತೆ. ಹಿಂದೆ, ಆ ಸೀಟಿನ ಮೇಲೆ ಕಾಕು, ಹೊಸ ಸೀರೆ ಉಟ್ಟು, ಮಡಿಲಲ್ಲಿ ಎಳ್ಳುಂಡಿ ಶೇಂಗಾದುಂಡಿಯ ಡಬ್ಬಿ ಹಿಡಿದು. ಮನೆಯಿಂದ ಡಾಂಬರಿನವರೆಗಿನ ಎರೆಯ ಹಾದಿಯನ್ನು ಗಾಳಿ ಇಳಿಸಿ ದಾಟಿದೆವು. ಚೆನ್ನಾಗಿಯೇ ದಾಟಿದ, ಗಾಡಿ ಹೊಡೆಯಲು ಅವನಿಗೆ ಬರುತ್ತಿತ್ತು, ಅಷ್ಟು ಒಪ್ಪುತ್ತೇನೆ. ರಸ್ತೆಯ ಅಂಚಿಗೆ ನಿಲ್ಲಿಸಿ ಗಾಳಿ ತುಂಬಲು ಇಳಿದ. ಬೇಗ ತುಂಬಲಿ ಎಂದು ಎಂಜಿನ್ನಿನ ಓಟ ಏರಿಸಿಟ್ಟಿದ್ದ. ಎಂಜಿನ್ನು ಅರಚುತ್ತಿತ್ತು. ಟಾಕಿಯ ಮೇಲಿನ, ಒತ್ತಡ ತೋರಿಸುವ ಗಡಿಯಾರದ ಮುಳ್ಳು ಕೆಂಪು ಗೀರು ದಾಟಿ ಆಚೆ ಹೋಗಿತ್ತು.

ನಾನು ಇಳಿದು ಹಿಂದೆ ಹೋದೆ. "ಕಾಕೂ, ಕೆಳಗ ಇಳೀರಿ. ಗಾಳಿ ತುಂಬೂತನಾ ದೂರ ನಿಲ್ಲೋಣು."

ಆಕೆ ಏಳಲು ಅಣಿಯಾದಳು. ಪೈಪು ಹಿಡಿದು ಮುಂದಿನ ಗಾಲಿಯ ಹತ್ತಿರ ಕುಕ್ಕರಿಸಿದ್ದ ಕಾಕಾ ಅಲ್ಲಿಂದಲೇ ಕೂಗಿದ: "ಯಾಕ ಇಳಸ್ತಿಲೇ ಅಕಿನ್ನ ಕೆಸರಾಗ? ಹೊಸಾ ಸೀರಿ ಉಟ್ಟಾಳ. ಕುಂಡ್ರ ನೀ."

ಕಾಕು ನನ್ನ ಮುಖ ನೋಡಿದಳು, ಕೂತಳು.

ಸಪ್ಪಳ ಹೇಗಿತ್ತು ಎಂದು ಕೇಳುತ್ತಾರೆ. ನನಗೆ ಸಪ್ಪಳ ನೆನಪಿಲ್ಲ. ಸೀಟು ಮೇಲೆ ಹಾರಿದ್ದು ನೆನಪಿದೆ. ಉಂಡಿಗಳು ರಸ್ತೆಯ ತುಂಬ ಉರುಳಿದ್ದು... ಆ ಕಂದು ನೀರು, ಆ ಹುಳಿ ವಾಸನೆ. ಟಾಕಿಯ ತಳ ಸೀಳಿ, ಟಾಕಿ ಸೀಟನ್ನು ಎತ್ತಿ ಒಗೆದಿತ್ತು. ಕಾಕು ರಸ್ತೆಯ ಮೇಲೆ ಬಿದ್ದಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು.

ಕಾಕಾ ಪೈಪು ಹಿಡಿದೇ ಎದ್ದು ನಿಂತು ಕೇಳಿದ: "ಯಾವ ಟಾಯರ್ ಒಡೀತಲೇ?"

ಅದೊಂದು ಮಾತಿಗೆ ನಾನು ಅವನನ್ನು ಇಂದಿಗೂ ಕ್ಷಮಿಸಿಲ್ಲ.

ಹಾಲಿನ ಗಾಡಿಯೊಂದನ್ನು ತಡೆದು, ಕ್ಯಾನುಗಳ ನಡುವೆ ಕಾಕೂನನ್ನು ಮಲಗಿಸಿ ಅಥಣಿಯ ದವಾಖಾನೆಗೆ ಒಯ್ದೆವು. ಕಾಲು ಉಳಿಯಿತು, ಆದರೆ ಗಿಡ್ಡಾಯಿತು. ಜೀವಮಾನವಿಡೀ ಕೋಲು. ಬದುವಿನ ಮೇಲಿನ ಆ ನಡಿಗೆ ಅಂದಿಗೇ ಮುಗಿಯಿತು.

ಆದರೆ ನನ್ನ ತಿರಸ್ಕಾರ ಅದಕ್ಕಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ. ಕಾಕೂನನ್ನು ನೋಡಲು ಬಂದವರಿಗೆಲ್ಲ, ಆಕೆಯ ಮಂಚದ ಪಕ್ಕದಲ್ಲೇ ಕುಳಿತು ಅವನು ಹೇಳಿದ್ದು ಕೇಳಿ: "ಮಾರುತಿನ್ನ ಅಳಿಸ್ಯಾಳ. ಬಿಡ್ತಾನೇನ ಅವ?"

ಊರು ನಂಬಿತು. ದೊಡ್ಡ ದನಿ, ಬೆಳ್ಳನೆಯ ಟೊಪ್ಪಿಗೆ. ದೇವರನ್ನು ಅಳಿಸಿದ ಹೆಂಗಸು ಎಂದು ಕಾಕೂಗೆ ಹೆಸರಾಯಿತು. ಹೆಂಗಸರು ಬಂದು, ಶನಿವಾರ ಎಣ್ಣೆ ಎರೆ, ತಪ್ಪುಗಾಣಿಕೆ ಹಾಕು ಎಂದು ಬುದ್ಧಿ ಹೇಳಿ ಹೋದರು. ಮುರಿದದ್ದು ಆಕೆಯ ಕಾಲು, ತಪ್ಪೂ ಆಕೆಯದೇ. ಎಷ್ಟು ಸುಲಭ!

ನಾನು ರಸ್ತೆಯ ಬದಿಯಿಂದ ಟಾಕಿಯ ತಳದ ಒಂದು ಚೂರನ್ನು ಎತ್ತಿಟ್ಟುಕೊಂಡಿದ್ದೆ. ವ್ಯಾಪಾರಿಯ ಬುದ್ಧಿ, ಸಾಕ್ಷಿಯಿಲ್ಲದೆ ಮಾತಾಡುವುದಿಲ್ಲ. ಆಕೆ ಮನೆಗೆ ಬಂದ ಮೇಲೆ ಅದನ್ನು ತೋರಿಸಿದೆ. ಅಂಚಿನಲ್ಲಿ ಹಸಿರು, ನೀಲಿ, ಕೆಂಪು ಪದರುಗಳು. ಅವುಗಳ ಹಿಂದೆ ಹಪ್ಪಳದಷ್ಟು ಕಬ್ಬಿಣ. "ನೋಡ್ರಿ ಕಾಕೂ, ಕಬ್ಬಿಣಕಿಂತ ಬಣ್ಣಾನ ದಪ್ಪ ಐತಿ. ಮಾರುತಿ ಏನೂ ಮಾಡಿಲ್ಲ."

ಆಕೆ ಚೂರನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟಳು. "ನನಗ್ಯಾಕ ತೋರಸ್ತಿ ತಮ್ಮಾ? ಅದರ ಮ್ಯಾಲ ಕುಂತಾಕಿ ನಾನ. ಕಟ್ಟಿ ಮ್ಯಾಲ ತೋರಸು."

ಕಟ್ಟೆಗೆ ಒಯ್ದೆ. ಅದೇ ನಾಲ್ವರಿದ್ದರು, ಇನ್ನೂ ನಾಲ್ವರಿದ್ದರು. ಎಲ್ಲರ ಕೈಗೂ ಕೊಟ್ಟೆ. ಒಬ್ಬ ಉಗುರಿನಿಂದ ಕೆರೆದ, ತುಕ್ಕು ಉದುರಿತು. ಕೊನೆಗೆ ಕಾಕಾನ ಮುಂದಿಟ್ಟೆ. ಅವನು ಅದನ್ನು ಮಗುಚಿ ನೋಡಿದ.

"ಇದು ನಮ್ಮ ಟಾಕೀದಲ್ಲ," ಎಂದ.

"ಕಾಕಾ, ನವಿಲಿನ ಗರಿ ಐತಲ್ರಿ ಇದರ ಮ್ಯಾಲ," ಎಂದನೊಬ್ಬ.

"ನವಿಲು ಎಲ್ಲಾರೂ ಬರಸ್ತಾರ."

ಯಾರೂ ನಗಲಿಲ್ಲ. ಅದು ನಗುವಿಗಿಂತ ದೊಡ್ಡ ಪೆಟ್ಟು. ಒಬ್ಬೊಬ್ಬರೇ ಎದ್ದು ಹೋದರು. ಶನಿವಾರದ ಎಣ್ಣೆಯ ಮಾತನ್ನು ಆಮೇಲೆ ಯಾರೂ ಕಾಕೂನ ಮುಂದೆ ಎತ್ತಲಿಲ್ಲ. ದವಾಖಾನೆಗೆ ಮತ್ತೆ ತೋರಿಸಲು ಹೋಗುವ ದಿನ ಆಕೆ ಕೋಲೂರಿಕೊಂಡು ಬಂದು, ಯಾರನ್ನೂ ಕೇಳದೆ ಜೀಪಿನ ಮುಂದಿನ ಸೀಟಿಗೆ ಹತ್ತಿ ಕೂತಳು. ಜತೆಗೆ ಬಂದಿದ್ದ ಕಾಕಾನ ಗೆಳೆಯ ಹಿಂದೆ ಹೋಗಿ ಕೂತ. ಕಾಕಾ ಗಾಡಿ ಚಾಲೂ ಮಾಡಿದ.

ಒಂದು ಸಂಗತಿ ಬರೆಯದಿದ್ದರೆ ನನ್ನ ತೂಕದಲ್ಲಿ ಮೋಸವಾಗುತ್ತದೆ. ಆಕೆ ಮಂಚ ಹಿಡಿದಿದ್ದ ದಿನಗಳಲ್ಲಿ ಒಮ್ಮೆ ಅವರ ಹಿತ್ತಿಲಿಗೆ ಹೋದಾಗ, ಅವನು ಟೊಪ್ಪಿಗೆ ತೆಗೆದಿಟ್ಟು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ. ಅದು ಹರಿದು ಹರಿದು ಹೋಗುತ್ತಿತ್ತು. ಒಳಗಿನಿಂದ ಕಾಕು, "ಹಿಟ್ಟಿಗೆ ಬಿಸಿನೀರ ಹಾಕ್ರಿ, ತಣ್ಣೀರಲ್ಲ," ಎಂದಳು. ಅವನು ಹಾಕಿದ. ಬದುಕಿನಲ್ಲಿ ಅವನು ಗೊಣಗದೆ ಒಬ್ಬರ ಮಾತು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನನ್ನು ನೋಡಿದವನೇ ಬಾಗಿಲು ಎಳೆದುಕೊಂಡ.

ಕೆಲವು ವರ್ಷಗಳಾದ ಮೇಲೆ ಎದೆನೋವು ಬಂದು ಹೋದ. ಕಾಕು ತೆಲಸಂಗದಲ್ಲಿ ತಮ್ಮನ ಮನೆ ಸೇರಿದಳು. ಹೋದ ವರ್ಷ ಆಕೆಯೂ ಹೋದಳೆಂದು ಸುದ್ದಿ ಬಂತು. ಅವರ ಹೊಲವನ್ನು ಈಗ ಲಾವಣಿಗೆ, ಅಂದರೆ ಗುತ್ತಿಗೆಗೆ, ನಾನೇ ಮಾಡುತ್ತೇನೆ. ಎರಡು ಬದು ದಾಟಿ ಬುತ್ತಿ ಬರುವ ಹೊತ್ತಿಗೆ ಇಂದಿಗೂ ಒಮ್ಮೊಮ್ಮೆ ತಲೆ ಎತ್ತಿ ನೋಡುತ್ತೇನೆ... ಯಾರೂ ಇರುವುದಿಲ್ಲ. ಕಾಕಾನನ್ನು ನೆನೆಸಿ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. 'ಹೌದಲೇ, ನಮ್ಮದ ಟಾಕಿ' ಎಂಬ ಮೂರು ಮಾತನ್ನು ಹೆಂಡತಿಗೆ ಹೇಳದೆಯೇ ಹೋದನಲ್ಲ ಎಂದು. ಆಕೆ ಅದಕ್ಕೆ ಕಾದಿದ್ದಳು ಎಂದು ನನಗೆ ಗೊತ್ತು. ಇನ್ನು ಹೇಳುವವನೂ ಇಲ್ಲ, ಕೇಳುವವಳೂ ಇಲ್ಲ.

ಈಗ ನಿಮ್ಮ ವಿಷಯ. ಜೀಪಿಗೆ ಟಾಕಿ ಹಾಕಿಸುವವರಿದ್ದರೆ ಕೇಳಿ, ಕೇಳದಿದ್ದರೆ ನಿಮ್ಮಿಷ್ಟ. ದೊಡ್ಡ ಟಾಕಿಗೆ ಆಸೆಪಡಬೇಡಿ. ಟೈರು ತುಂಬುವುದು ಕಂಪ್ರೆಸರು, ಟಾಕಿಯಲ್ಲ. ಸಣ್ಣ ಕಂಪ್ರೆಸರಿಗೆ ದೊಡ್ಡ ಟಾಕಿ ಕಟ್ಟಿದರೆ ತುಂಬುವುದನ್ನು ಕಾಯುತ್ತ ಕುಳಿತಿರುತ್ತೀರಿ. ಎಷ್ಟು ಒತ್ತಡ ತಡೆಯುತ್ತದೆ ಎಂದು ಬರೆದ ತಗಡು ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಹಳೆಯ ಗ್ಯಾಸ್ ಸಿಲಿಂಡರಿಗೆ ನಳ ಬೆಸೆದು ಕೊಡುತ್ತೇನೆ ಎನ್ನುವವನ ಅಂಗಡಿಯಲ್ಲಿ ನಿಲ್ಲಲೇಬೇಡಿ. ಗಾಡಿಯ ಹೊರಗೆ, ಅಡಿಗೆ, ಚೌಕಟ್ಟಿನ ಮಗ್ಗುಲಿಗೆ ಪಟ್ಟಿ ಹಾಕಿ ಬಿಗಿಸಿ. ಟಾಕಿಗೆ ಬೆಸುಗೆ ಮುಟ್ಟಿಸಬೇಡಿ, ಹೊಗೆ ನಳಿಗೆಯಿಂದ ದೂರವಿಡಿ, ಕಲ್ಲು ಬಡಿಯುವಷ್ಟು ಕೆಳಗೆ ಇಳಿಬಿಡಬೇಡಿ. ಹಳೆಯದನ್ನೇ ಕೊಳ್ಳುವ ಹಟವಿದ್ದರೆ ಮೊದಲು ನೀರು ತುಂಬಿ ಒತ್ತಡ ಹಾಕಿಸಿ ನೋಡಿ. ನೀರು ತುಂಬಿದ್ದು ಒಡೆದರೆ ಸೋರುತ್ತದೆ, ಗಾಳಿ ತುಂಬಿದ್ದು ಒಡೆದರೆ ಹಾರುತ್ತದೆ. ನೀರು ಬಿಡುವ ತಿರುಪು ತಳದಲ್ಲಿರಲಿ, ವಾರಕ್ಕೊಮ್ಮೆ ಬಿಡಿ. ಹೆಚ್ಚಿನ ಗಾಳಿ ಬಿಡುವ ವಾಲ್ವ್ ಸದ್ದು ಮಾಡಿದರೆ ಕಂಪ್ರೆಸರ್ ನಿಲ್ಲಿಸಿ, ವಾಲ್ವ್ ಮುಚ್ಚಬೇಡಿ. ಈ ಎರಡಕ್ಕೆ ಬೇಕಾದರೆ ಕೇಳಿದ ಬೆಲೆ ಕೊಡಿ, ಉಳಿದುದಕ್ಕೆಲ್ಲ ಚೌಕಾಸಿ ಮಾಡಿ.

ಮತ್ತು ಗಾಳಿ ತುಂಬುವ ಹೊತ್ತಿಗೆ ಗಾಡಿಯಲ್ಲಿ ಒಬ್ಬರೂ ಕುಳಿತಿರಬಾರದು. ಮಳೆ ಇದ್ದರೂ, ಕೆಸರು ಇದ್ದರೂ, ಯಜಮಾನ ಬೇಡವೆಂದರೂ, ಕೈ ಹಿಡಿದು ಇಳಿಸಿ.